ನ್ಯೂಜಿಲೆಂಡ್ ಸ್ಟಾರ್ಮ್ ಪೆಟ್ರೆಲ್: ಹೊಟ್ಟೆಯ ಗೀರು ಕಾಣುವ ಹಾಗೆ ಫೋಟೊ ತೆಗೆಯಬೇಕು

ಅಳಿದೇಹೋಯಿತು ಅಂದುಕೊಂಡಿದ್ದ ಈ ಪುಟ್ಟ ಕಡಲಹಕ್ಕಿ ಮತ್ತೆ ಕಣ್ಣಿಗೆ ಬಿದ್ದದ್ದು 2003ರಲ್ಲಿ. ಅಲ್ಲಿಯವರೆಗೆ ಆಧಾರಕ್ಕೆ ಇದ್ದದ್ದು 19ನೇ ಶತಮಾನದಲ್ಲಿ ಹಿಡಿದು ಕಾಪಿಟ್ಟ ಮೂರೇ ಹಕ್ಕಿಗಳು. ಆಗ ಗುರುತು ಹಚ್ಚಲು ನೆರವಾದದ್ದು ದೋಣಿಯಿಂದ ತೆಗೆದ ಫೋಟೊಗಳು. ಈಗಲೂ ಅಷ್ಟೇ, ಚಂದದ ಚಿತ್ರ ಆಮೇಲೆ, ಗುರುತು ಕಾಣುವ ಚಿತ್ರ ಮೊದಲು. ಬಿಳಿ ಹೊಟ್ಟೆಯ ಮೇಲೆ ಕಪ್ಪು ಗೀರುಗಳಿರಬೇಕು. ಇದನ್ನೇ ಹೋಲುವ ಇನ್ನೊಂದು ಹಕ್ಕಿ ವಿಲ್ಸನ್ ಪೆಟ್ರೆಲ್‌ನ ಹೊಟ್ಟೆ ಪೂರ್ತಿ ಕಪ್ಪು. ಆದರೆ ಮೇಲಿನಿಂದ ನೋಡಿದರೆ ಎರಡಕ್ಕೂ ಕಪ್ಪು ಬೆನ್ನು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಕಾಲು ಬಾಲ ದಾಟಿ ಚಾಚುವುದೂ ಎರಡರಲ್ಲೂ ಇದೆ, ಅದನ್ನೇ ನಂಬಿ ಕೂರಬೇಡಿ. ಹಾಗಾಗಿ ಡೆಕ್‌ನಲ್ಲಿ ಆದಷ್ಟು ಕೆಳಗೆ, ನೀರಿಗೆ ಹತ್ತಿರ ಕೂತುಕೊಳ್ಳಿ.

ಜಾಗ ನ್ಯೂಜಿಲೆಂಡ್‌ನ ಆಕ್ಲೆಂಡ್ ಬಳಿಯ ಹೌರಾಕಿ ಕೊಲ್ಲಿ, ಹೌತುರು ದ್ವೀಪದ ಸುತ್ತಲಿನ ತೆರೆದ ನೀರು. ಗೂಡು ಅಲ್ಲೇ ಇರುವುದು 2013ರಲ್ಲಿ ಖಚಿತವಾಯಿತು. ದ್ವೀಪಕ್ಕೆ ಇಳಿಯಲು ಪರವಾನಗಿ ಬೇಕು, ಫೋಟೊಗೆ ಅದರ ಅಗತ್ಯವಿಲ್ಲ. ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ.

ಎಂಜಿನ್ ನಿಲ್ಲಿಸಿ. ಹೆಪ್ಪುಗಟ್ಟಿಸಿದ ಮೀನಿನ ಚೂರುಗಳ ಎರಡು ಮೂರು ಕಿಲೋ ಗಡ್ಡೆಯನ್ನು ಬಲೆಚೀಲದಲ್ಲಿ ಹಾಕಿ ದೋಣಿಯ ಪಕ್ಕಕ್ಕೆ ಇಳಿಬಿಡಿ. ಅದು ನಿಧಾನ ಕರಗಿ ಎಣ್ಣೆಯ ಪದರ ಹರಡುತ್ತದೆ. ಒಟ್ಟಿಗೇ ಸುರಿದರೆ ದೊಡ್ಡ ಹಕ್ಕಿಗಳು ಬಂದು ಮುಗಿಸಿಬಿಡುತ್ತವೆ. ಪೆಟ್ರೆಲ್ ವಾಸನೆ ಹಿಡಿದು ಬರುವ ಹಕ್ಕಿ. ವಾಸನೆ ಗಾಳಿಯ ಜೊತೆ ಹೋಗುವುದರಿಂದ ಅದು ಬರುವುದು ಗಾಳಿಗೆದುರಾಗಿ, ಅಡ್ಡಾದಿಡ್ಡಿ ಹಾರುತ್ತಾ. ಅಂದರೆ ಗಾಳಿ ಹೋಗುವ ದಿಕ್ಕಿಗೆ ಕಣ್ಣಿಟ್ಟಿರಿ. ತಾಳ್ಮೆ ಬೇಕು, ಒಂದು ಗಂಟೆ ಏನೂ ಬರದೇ ಇರಬಹುದು.

ಲೆನ್ಸ್ 300–400 ಮಿ.ಮೀ. ಸಾಕು, ಅದಕ್ಕಿಂತ ಉದ್ದವಾದರೆ, ಅಲುಗುವ ದೋಣಿಯಲ್ಲಿ ಒಂದು ಗುಬ್ಬಿಗಿಂತ ತುಸು ದೊಡ್ಡ ಹಕ್ಕಿಯನ್ನು ಚೌಕಟ್ಟಿನೊಳಗೆ ಹಿಡಿಯುವುದೇ ಕಷ್ಟ. ಶಟರ್ 1/2500 ಸೆಕೆಂಡ್ ಅಥವಾ ಇನ್ನೂ ವೇಗ, ಅಪರ್ಚರ್ 5.6ರಿಂದ 8, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಎಷ್ಟೇ ಏರಿದರೂ ಬಿಡಿ. ಕಾಳುಕಾಳಾದ ಚಿತ್ರದಲ್ಲಿ ಗೀರು ಕಾಣುತ್ತದೆ, ಮಸುಕಾದದ್ದರಲ್ಲಿ ಇಲ್ಲ. ಎಕ್ಸ್‌ಪೋಷರ್ ಮ್ಯಾನ್ಯುಯಲ್ ಆಗಿರಲಿ, ಇಲ್ಲದಿದ್ದರೆ ಬಿಳಿನೊರೆ ಬಂದಾಗೆಲ್ಲ ಕಪ್ಪು ಹಕ್ಕಿ ಇನ್ನೂ ಕಪ್ಪಾಗುತ್ತದೆ. ಫೋಕಸ್ ನಿರಂತರ ಮೋಡ್‌ನಲ್ಲಿರಲಿ. ಅದು ಪದೇ ಪದೇ ಅಲೆಗೆ ಜಾರುತ್ತದೆ. ಬಟನ್ ಬಿಟ್ಟು ಮತ್ತೆ ಒತ್ತಿ, ಹಿಂಬಾಲಿಸುತ್ತಲೇ ಇರಬೇಡಿ. ಹಕ್ಕಿ ಗಾಳಿಗೆದುರಾಗಿ ನೀರಿನ ಮೇಲೆ ಕಾಲೂರಿ ಕುಣಿಯುವ ಒಂದೆರಡು ಕ್ಷಣ ಅದು ಇದ್ದಲ್ಲೇ ನಿಂತಂತಿರುತ್ತದೆ, ಆಗ ಒಂದರ ಹಿಂದೊಂದು ಫೋಟೊ ಹೊಡೆಯಿರಿ.

ಉಪ್ಪುನೀರು ಲೆನ್ಸಿಗೆ ಸಿಡಿದರೆ ಒಣಬಟ್ಟೆಯಲ್ಲಿ ಉಜ್ಜಬೇಡಿ, ಉಪ್ಪಿನ ಹರಳು ಗೀಚುತ್ತದೆ. ಮೊದಲು ಸಿಹಿನೀರಲ್ಲಿ ಒದ್ದೆಮಾಡಿದ ಬಟ್ಟೆ. ಕತ್ತಲಾಗುವ ಮೊದಲು ಡೆಕ್ ದೀಪ ಕಡಿಮೆ ಮಾಡಿ, ಫ್ಲ್ಯಾಶ್ ಬೇಡ. ಬೆಳಕಿಗೆ ಈ ಹಕ್ಕಿಗಳು ಬಂದು ದೋಣಿಗೇ ಬಡಿದುಕೊಳ್ಳುತ್ತವೆ.