ಓದೋದು ಆಮೇಲೆ, ತೂಕ ಎಷ್ಟು?

ಸ್ಟಾಕ್‌ಹೋಮ್‌ಗೆ ಬಂದ ಮೂರನೇ ಚಳಿಗಾಲದಲ್ಲಿ ನಾನೊಂದು ಬೆಳ್ಳಿ ನಾಣ್ಯ ಕೊಂಡೆ. ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಊರಿದು, ಏನಾದರೂ ಒಂದು ಹುಚ್ಚು ಹಚ್ಚಿಕೊಳ್ಳಲೇಬೇಕು. ಹಳೇ ಸಂಗ್ರಹವೊಂದರಿಂದ ಕಾಗದಪತ್ರದ ಸಮೇತ ಬಂದ ದಿರ್ಹಮ್ ಅದು, ಅಂದರೆ ಇಸ್ಲಾಮೀ ನಾಡುಗಳ ಹಳೇ ಬೆಳ್ಳಿ ನಾಣ್ಯ. (ಇಲ್ಲಿ ಅನುಮತಿ ಇಲ್ಲದೆ ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವ ಹಾಗಿಲ್ಲ. ಕಾಗದ ಕೇಳಿ ಕೊಳ್ಳುವುದೇ ಕ್ಷೇಮ.) ಅಂಚಿನಲ್ಲಿ ನಾಲ್ಕೈದು ಕಡೆ ಕಚ್ಚು ಬಿದ್ದಿತ್ತು. ಅದಕ್ಕೇ ಅಗ್ಗಕ್ಕೆ ಸಿಕ್ಕಿತು.

ಅಪ್ಪ ಅಕ್ಕಸಾಲಿ. ಅವತ್ತು ರಾತ್ರಿ ಫೋನಿನಲ್ಲಿ, "ಅರಬ್ಬೀ ಅಕ್ಷರ ಇದೆ ಅಪ್ಪ, ಓದ್ತಾ ಇದ್ದೀನಿ" ಅಂದೆ.

"ಓದೋದು ಆಮೇಲೆ. ತೂಕ ಎಷ್ಟು?"

ನಾನು ಮೊದಲು ಓದಿದೆ. ನನಗೆ ಅರಬ್ಬೀ ಬರುವುದಿಲ್ಲ. ಆದರೂ ದಿರ್ಹಮ್ ಓದಬಹುದು, ಯಾಕೆಂದರೆ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ವಾಕ್ಯ: 'ಅಲ್ಲಾಹನ ಹೆಸರಿನಲ್ಲಿ, ಈ ದಿರ್ಹಮ್ ಇಂಥ ಊರಿನಲ್ಲಿ, ಇಂಥ ವರ್ಷ ಅಚ್ಚಾಯಿತು.' ಗೊತ್ತಿರುವ ಪದಗಳನ್ನು ಹಾದುಹೋದರೆ ಊರು ಸಿಗುತ್ತದೆ. ನಾಣ್ಯ ತಿಕ್ಕಬೇಡಿ. ದೀಪವನ್ನು ಒಂದು ಪಕ್ಕದಲ್ಲಿ ತಗ್ಗಿಸಿಟ್ಟು ಫೋಟೋ ತೆಗೆದರೆ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ನನ್ನದರಲ್ಲಿ ಊರು ಮಧ್ಯ ಏಷ್ಯಾದ ಸಮರ್ಖಂಡ್. ಎರಡು ಸಂಜೆ ಹಿಡಿಯಿತು.

ವರ್ಷ ಮಾತ್ರ ಎರಡು ವಾರ ಸತಾಯಿಸಿತು. ವರ್ಷವನ್ನು ಅಂಕಿಯಲ್ಲಿ ಅಲ್ಲ, ಮಾತಿನಲ್ಲಿ ಬರೆದಿರುತ್ತಾರೆ. ಲಿಪಿ ಕೂಫಿಕ್ ಎಂಬ ಹಳೇ ಅರಬ್ಬೀ ಶೈಲಿ, ಒಂದಕ್ಷರವನ್ನು ಇನ್ನೊಂದರಿಂದ ಬೇರೆ ಮಾಡುವ ಚುಕ್ಕೆಗಳೇ ಇಲ್ಲ. ನಮ್ಮ ಹಳೇ ಶಾಸನಗಳಲ್ಲಿ ಎ-ಏ, ಒ-ಓ ವ್ಯತ್ಯಾಸ ಕಾಣುವುದಿಲ್ಲವಲ್ಲ, ಅದಕ್ಕಿಂತ ಕಷ್ಟ ಇದು. ಚುಕ್ಕೆ ತೆಗೆದರೆ ಅರಬ್ಬೀಯ ಏಳು, ಒಂಬತ್ತು ಎರಡೂ ಒಂದೇ: ಬಾಚಣಿಗೆಯಂಥ ನಾಲ್ಕು ಹಲ್ಲು, ಆಮೇಲೊಂದು ಕೊಂಡಿ. ಎಪ್ಪತ್ತು, ತೊಂಬತ್ತರ ಕಥೆಯೂ ಅದೇ. ಹಾಗಾಗಿ ನನ್ನ ನಾಣ್ಯ ಹಿಜರಿ (ಇಸ್ಲಾಮೀ ಪಂಚಾಂಗ) 277, 279, 297, 299 ಯಾವುದಾದರೂ ಆಗಬಹುದಿತ್ತು. ನಾನು ಧೈರ್ಯವಾಗಿ 279 ಎಂದು ಬರೆದಿಟ್ಟುಕೊಂಡೆ.

ತಪ್ಪು. ಹಿಂಬದಿ ತಿರುಗಿಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಅಲ್ಲಿ ಖಲೀಫ ಅಲ್-ಮುಕ್ತದಿರ್ ಹೆಸರೂ ಸಮರ್ಖಂಡದ ನಾಡನ್ನು ಆಳುತ್ತಿದ್ದ ಸಾಮಾನಿ ವಂಶದ ದೊರೆ ಅಹ್ಮದ್ ಬಿನ್ ಇಸ್ಮಾಯಿಲ್ ಹೆಸರೂ ಇದ್ದವು. ಇಬ್ಬರೂ ಹಿಜರಿ 295ಕ್ಕಿಂತ ಮುಂಚೆ ಪಟ್ಟದಲ್ಲೇ ಇರಲಿಲ್ಲ. ಉಳಿದದ್ದು 297, 299. ಬಾಚಣಿಗೆಯ ಮೊದಲ ಹಲ್ಲು ಸ್ವಲ್ಪ ಉದ್ದವಾಗಿದ್ದರೆ ಒಂಬತ್ತು, ಕೊನೆಯದು ಉದ್ದವಿದ್ದರೆ ಏಳು. ಭೂತಗನ್ನಡಿಯಲ್ಲಿ ನೋಡಿದೆ, ಮೊದಲನೆಯದೇ ಉದ್ದ. 299ನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ 912. ಸರಿಯಾಗಿ ಹೇಳಬೇಕೆಂದರೆ ಕ್ರಿ.ಶ. 911-12.

ಅಪ್ಪನಿಗೆ ಹೇಳಿದೆ. "ಸರಿ. ತೂಕ?"

ಕೊನೆಗೂ ತೂಗಿದೆ. 2.9 ಗ್ರಾಂ. "24 ಗುಲಗಂಜಿ" ಎಂದರು ಅಪ್ಪ ತಕ್ಷಣ. ಕಚ್ಚುಗಳ ಫೋಟೋ ಕಳಿಸಿದೆ. "ಒರೆಗಲ್ಲು ಇಲ್ಲದೋರು ಹೀಗೇ ನೋಡೋದು. ಒಳಗೆ ತಾಮ್ರ ಇಟ್ಟು ಮೇಲೆ ಗಿಲೀಟು ಮಾಡಿದಾರಾ ಅಂತ ಚಾಕೂಲಿ ಕೊರೆದಿದಾರೆ." ನಾನು ಕುಂದು ಅಂದುಕೊಂಡಿದ್ದದ್ದು ನಾಣ್ಯ ಉತ್ತರದ ಈ ನಾಡಿಗೆ ಬಂದ ಗುರುತು. ಸಾವಿರ ವರ್ಷದ ಹಿಂದೆ ಇಲ್ಲಿದ್ದ ವೈಕಿಂಗರಿಗೆ ಇದು ನಾಣ್ಯವೇ ಅಲ್ಲ, ಬೆಳ್ಳಿ ಚೂರು. ಅವರ ವ್ಯಾಪಾರದ ಊರಾಗಿದ್ದ, ಇಲ್ಲೇ ಹತ್ತಿರದ ಬಿರ್ಕಾದ ಗೋರಿಗಳಲ್ಲಿ ಮಡಚುವ ಪುಟ್ಟ ತಕ್ಕಡಿ, ತೂಕದ ಬೊಟ್ಟುಗಳು ಸಿಕ್ಕಿವೆ. ಚಿಲ್ಲರೆ ಬೇಕಾದರೆ ದಿರ್ಹಮನ್ನೇ ಕತ್ತರಿಸಿ ತೂಗುತ್ತಿದ್ದರು. ಸಮರ್ಖಂಡದ ಟಂಕಸಾಲೆಯವರು ಅಷ್ಟು ಮುತುವರ್ಜಿಯಿಂದ ಕೊರೆದ ಸಾಲನ್ನು ಇಲ್ಲಿ ಯಾರು ಓದುತ್ತಿದ್ದರು?

"ಅಷ್ಟು ಬೆಳ್ಳಿಗೆ ಇವರು ಏನು ಕೊಟ್ಟರೋ?" ಅಪ್ಪನ ಪ್ರಶ್ನೆ. ತುಪ್ಪಳ ಎಂದೆ. ಆಮೇಲೆ ಜನರನ್ನೂ. ಈ ಬೆಳ್ಳಿಯೆಲ್ಲ ಒಂಟೆಗಳ ಮೇಲೆ ಮಧ್ಯ ಏಷ್ಯಾದ ಖ್ವಾರಜ್ಮ್ ನಾಡು ದಾಟಿ ವೋಲ್ಗಾ ದಡದ ಬಲ್ಗಾರ್ ಸಂತೆಗೆ ಬರುತ್ತಿತ್ತು. 922ರಲ್ಲಿ ಅಲ್ಲಿಗೆ ಹೋದ ಬಾಗ್ದಾದಿನ ರಾಯಭಾರ ತಂಡದ ಇಬ್ನ್ ಫದ್ಲಾನ್, ಉತ್ತರದಿಂದ ಬಂದಿದ್ದ ರೂಸ್ ಎಂಬ ವೈಕಿಂಗ್ ವ್ಯಾಪಾರಿಗಳನ್ನು ಕಣ್ಣಾರೆ ಕಂಡ. ಅವರು ಮಾರುತ್ತಿದ್ದದ್ದು ಸೇಬಲ್ ಎಂಬ ಪ್ರಾಣಿಯ ತುಪ್ಪಳ ಮತ್ತು ದಾಸಿ ಹುಡುಗಿಯರು. ಗಂಡನ ಬಳಿ 10,000 ದಿರ್ಹಮ್ ಸೇರಿದರೆ ಹೆಂಡತಿಯ ಕತ್ತಿಗೆ ಒಂದು ಸರ, ಇನ್ನೊಂದು 10,000ಕ್ಕೆ ಇನ್ನೊಂದು ಸರ ಎಂದು ಬರೆದಿದ್ದಾನೆ. ಸರದ ವಿಷಯ ಬಂದಿತೆಂದು ಅಪ್ಪ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ಹುಡುಗಿಯರ ಮಾತಿಗೇ ನಿಂತುಬಿಟ್ಟರು. ಅವತ್ತು ಬೇಗ ಫೋನ್ ಇಟ್ಟರು.

ಬೇಸಿಗೆಯಲ್ಲಿ ಹಡಗು ಹತ್ತಿ ಗಾಟ್‌ಲ್ಯಾಂಡ್ ದ್ವೀಪಕ್ಕೆ ಹೋದೆ. 1999ರಲ್ಲಿ ಸ್ಪಿಲ್ಲಿಂಗ್ಸ್ ಎಂಬಲ್ಲಿ ಸಿಕ್ಕ ನಿಧಿ ವಿಸ್ಬಿಯ ಮ್ಯೂಸಿಯಂನಲ್ಲಿದೆ. ಸುಮಾರು 67 ಕಿಲೋ ಬೆಳ್ಳಿ, 14,000ಕ್ಕೂ ಜಾಸ್ತಿ ನಾಣ್ಯ, ಕಟ್ಟು ಕಟ್ಟಾಗಿ ತೋಳಬಳೆಗಳು. ಅದರಲ್ಲಿ ಸಿಕ್ಕ ಒಂದು ದಿರ್ಹಮಿನಲ್ಲಿ 'ಮೂಸಾ ದೇವರ ದೂತ' ಎಂದಿದೆ (ಮೂಸಾ ಅಂದರೆ ಯೆಹೂದಿಗಳ ಮೋಶೆ). ವೋಲ್ಗಾದ ಕೆಳಭಾಗದ ನಾಡನ್ನು ಆಳುತ್ತಿದ್ದ, ಯೆಹೂದಿ ಧರ್ಮ ಹಿಡಿದ ಖಜಾರರು 837-38ರಲ್ಲಿ ಹಾಕಿದ ಅಚ್ಚು. ಸಾವಿರಾರು ನಾಣ್ಯಗಳ ನಡುವೆ ಅದನ್ನು ಓದಿ ಹೆಕ್ಕಿದವರಿಗೆ ಎಂಥ ಖುಷಿಯಾಗಿರಬೇಕು! ನನ್ನ ಎರಡು ವಾರ ನೆನಪಾಗಿ ನಗು ಬಂತು.

ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಗಾಜಿನ ಪೆಟ್ಟಿಗೆ ಉದ್ದಕ್ಕೂ ತೋರಿಸಿದೆ. ಮೂಸಾ ಕಥೆಗೆ ಸುಮ್ನೆ 'ಹ್ಞೂಂ' ಅಂದರು. 67 ಕಿಲೋ ಎಂದಾಗ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು.

"ಆ ಪುಟ್ಟ ತಕ್ಕಡೀಲಿ ಇಷ್ಟನ್ನೂ ತೂಗೋಕೆ ಎಷ್ಟು ದಿನ ಹಿಡೀತೋ ಮಾರಾಯ ಅವರಿಗೆ."