ಮೊದಲ ನಾಲ್ಕು ಪಂದ್ಯಗಳಲ್ಲಿ ಡಿಫೆನ್ಸ್ ಸುಧಾರಿಸಿದೆಯೇ ಎಂದು ನಾನು ಅಳೆಯುವ ಬಗೆ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಸೆಪ್ಟೆಂಬರ್ ಮುಗಿಯುತ್ತಾ ಬಂದಾಗ ಅಭಿಮಾನಿಗಳ ನಡುವೆ ಒಂದು ವಾದ ಏಳುತ್ತದೆ. ಹೋದ ವರ್ಷ ಜರಡಿಯಂತೆ ಸೋರುತ್ತಿದ್ದ ನಮ್ಮ ಡಿಫೆನ್ಸ್ (ಎದುರಾಳಿಯನ್ನು ತಡೆಯುವ ಹನ್ನೊಂದು ಮಂದಿ) ಈ ಸಲ ನಿಜಕ್ಕೂ ಗಟ್ಟಿಯಾಗಿದೆಯೋ, ಇಲ್ಲ ಇದುವರೆಗೆ ಆಡಿದ ಎದುರಾಳಿಗಳೇ ದುರ್ಬಲರೋ? ಇದಕ್ಕೆ ಉತ್ತರ ಹುಡುಕಲು ನಾನು ಬಳಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ 2021ರ ಮಿಶಿಗನ್ ವಿಶ್ವವಿದ್ಯಾಲಯದ ತಂಡವನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ಸುಧಾರಣೆ ನಿಜವಾಗಿತ್ತು, ಹಾಗಿದ್ದೂ ಮೊದಲ ತಿಂಗಳ ಸ್ಕೋರ್ ಮಾತ್ರ ನೋಡಿದವರಿಗೆ ಅದರ ಕಾರಣವೂ ಮಿತಿಯೂ ಕಾಣುತ್ತಿರಲಿಲ್ಲ.

ಮೊದಲು ಸ್ಕೋರ್ ನೋಡೋಣ. 2020ರಲ್ಲಿ ಮಿಶಿಗನ್ ಆರು ಪಂದ್ಯ ಆಡಿ ನಾಲ್ಕು ಸೋತಿತು. ಪಂದ್ಯಕ್ಕೆ ಸರಾಸರಿ 34.5 ಪಾಯಿಂಟ್ ಬಿಟ್ಟುಕೊಟ್ಟಿತು. ಡಿಫೆನ್ಸ್‌ನ ಹೊಣೆ ಹೊತ್ತ ಕೋಚ್ (ಡಿಫೆನ್ಸಿವ್ ಕೋಆರ್ಡಿನೇಟರ್) ಡಾನ್ ಬ್ರೌನ್ ಅವರನ್ನು ತೆಗೆದುಹಾಕಿದರು, ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಬಾಲ್ಟಿಮೋರ್ ರೇವನ್ಸ್‌ನಿಂದ ಮೈಕ್ ಮೆಕ್‌ಡೊನಾಲ್ಡ್ ಬಂದರು. 2021ರ ಮೊದಲ ನಾಲ್ಕು ಪಂದ್ಯಗಳಲ್ಲಿ ವೆಸ್ಟರ್ನ್ ಮಿಶಿಗನ್‌ಗೆ 14, ವಾಷಿಂಗ್ಟನ್‌ಗೆ 10, ನಾರ್ದರ್ನ್ ಇಲಿನಾಯ್‌ಗೆ 10, ರಟ್ಗರ್ಸ್‌ಗೆ 13 ಪಾಯಿಂಟ್ ಸಿಕ್ಕವು. ಸರಾಸರಿ 11.75. 34.5ರಿಂದ 11.75ಕ್ಕೆ ಇಳಿಕೆ! ಆದರೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುವ ಹಾಗೇ ಇಲ್ಲ. 2020 ಕೋವಿಡ್ ವರ್ಷ, ಆರೂ ಪಂದ್ಯಗಳು ಬಿಗ್ ಟೆನ್ ಕಾನ್ಫರೆನ್ಸ್ (ಮಿಶಿಗನ್ ಸೇರಿರುವ ತಂಡಗಳ ಗುಂಪು) ಒಳಗಿನವು. 2021ರ ಮೊದಲ ಮೂರು ಪಂದ್ಯಗಳು ಹೊರಗಿನವರ ಜೊತೆ. ಅಲ್ಲದೆ 2020ರಲ್ಲಿ ರಟ್ಗರ್ಸ್ ಗಳಿಸಿದ 42ರಲ್ಲಿ 7 ಪಾಯಿಂಟ್ ಓವರ್‌ಟೈಮ್‌ನವು (ಸಮಬಲವಾದಾಗ ಆಡಿಸುವ ಹೆಚ್ಚುವರಿ ಆಟ). ಕಾಲೇಜು ಓವರ್‌ಟೈಮ್‌ನಲ್ಲಿ ಚೆಂಡನ್ನು ನೇರವಾಗಿ ಡಿಫೆನ್ಸ್ ಕಾಯುವ ಗೋಲ್ ಗೆರೆಯಿಂದ 25 ಯಾರ್ಡ್ ದೂರದಲ್ಲಿ ಇಟ್ಟುಕೊಡುತ್ತಾರೆ. ಆ ಪಾಯಿಂಟ್‌ಗಳಿಂದ ಡಿಫೆನ್ಸ್ ಬಗ್ಗೆ ತಿಳಿಯುವುದು ತೀರಾ ಕಡಿಮೆ.

ಹಾಗಾಗಿ ಸ್ಕೋರ್ ಬೋರ್ಡಿನಿಂದ ನಾನು ಮೊದಲು ಕಳೆಯುವುದು ಇಷ್ಟು: ಓವರ್‌ಟೈಮ್ ಪಾಯಿಂಟ್, ನಮ್ಮ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುತ್ತಾ ಪಾಸ್ ಎಸೆಯುವ ಆಟಗಾರ) ಎಸೆದ ಚೆಂಡನ್ನು ಎದುರಾಳಿ ನಡುವೆ ಹಿಡಿದು (ಇಂಟರ್‌ಸೆಪ್ಷನ್) ನೇರವಾಗಿ ಟಚ್‌ಡೌನ್‌ಗೆ, ಅಂದರೆ ಗೋಲ್ ಗೆರೆ ದಾಟಿ, ಓಡಿಸಿದ್ದು, ಕಿಕ್ ಅಥವಾ ಪಂಟ್ (ಚೆಂಡು ಬಿಟ್ಟುಕೊಡುವ ಒದೆತ) ಹಿಡಿದು ಓಡಿ ಗಳಿಸಿದ್ದು. ನಮ್ಮ ಆಫೆನ್ಸ್ (ಚೆಂಡು ಹಿಡಿದು ಮುನ್ನುಗ್ಗುವ ಹನ್ನೊಂದು ಮಂದಿ) ಚೆಂಡು ಕಳೆದುಕೊಂಡು ಎದುರಾಳಿಗೆ ನಮ್ಮ ಗೋಲ್ ಗೆರೆಯಿಂದ 30 ಯಾರ್ಡ್ ಒಳಗೆ ಡ್ರೈವ್ (ಚೆಂಡಿನೊಂದಿಗೆ ಸತತ ದಾಳಿ) ಸಿಕ್ಕಿದ್ದರೆ ಅದನ್ನು ಬೇರೆ ಗುರುತು ಹಾಕಿಡುತ್ತೇನೆ. ಅಲ್ಲಿ ಮೂರೇ ಪಾಯಿಂಟ್‌ನ ಫೀಲ್ಡ್ ಗೋಲ್‌ಗೆ ತಡೆದರೂ ಅದು ಡಿಫೆನ್ಸಿನ ಗೆಲುವೇ.

ನಿಜವಾದ ಕೆಲಸ ಶುರುವಾಗುವುದು ಪ್ಲೇ-ಬೈ-ಪ್ಲೇ ಪಟ್ಟಿಯಿಂದ, ಅಂದರೆ ಚೆಂಡು ಸಾಗಿಸುವ ಪ್ರತಿ ಯತ್ನವನ್ನೂ (ಪ್ಲೇ) ಬರೆದಿಟ್ಟ ಪಟ್ಟಿಯಿಂದ. ಪ್ರತಿ ವಿಶ್ವವಿದ್ಯಾಲಯದ ಅಥ್ಲೆಟಿಕ್ಸ್ ತಾಣದಲ್ಲಿ ಪಂದ್ಯ ಮುಗಿದ ಮೇಲೆ ಇದು ಪುಕ್ಕಟೆಯಾಗಿ ಸಿಗುತ್ತದೆ. ಒಂದು ಪಂದ್ಯದಲ್ಲಿ ಎದುರಾಳಿಯ ಆಫೆನ್ಸ್ ಹೆಚ್ಚೂ ಕಡಿಮೆ 60ರಿಂದ 75 ಪ್ಲೇ ಆಡುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಪ್ಲೇಗೆ ಒಂದು ಸಾಲು. ಕಾಲಂಗಳು: ಕ್ವಾರ್ಟರ್, ಆ ಹೊತ್ತಿನ ಸ್ಕೋರ್ ಅಂತರ, ಡೌನ್ (ಹತ್ತು ಯಾರ್ಡ್ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಎಷ್ಟನೆಯದು), ಬೇಕಾದ ಯಾರ್ಡ್, ಚೆಂಡಿನ ಜಾಗ, ಓಟವೋ ಪಾಸೋ, ಸಿಕ್ಕ ಯಾರ್ಡ್, ಸಫಲವೋ ವಿಫಲವೋ. ಸಫಲ ಎನ್ನಲು ಚಾಲ್ತಿಯಲ್ಲಿರುವ ಅಳತೆಯನ್ನೇ ಇಟ್ಟುಕೊಂಡಿದ್ದೇನೆ. ಮೊದಲ ಡೌನ್‌ನಲ್ಲಿ ಬೇಕಾದ ಯಾರ್ಡಿನ ಅರ್ಧ, ಎರಡನೆಯದರಲ್ಲಿ ಶೇ. 70, ಮೂರು ಮತ್ತು ನಾಲ್ಕನೆಯದರಲ್ಲಿ ಪೂರ್ತಿ ಸಿಕ್ಕಿದರೆ ಆಫೆನ್ಸ್ ಗೆದ್ದ ಹಾಗೆ. ಸಾಧಾರಣ ಡಿಫೆನ್ಸ್ ನೂರರಲ್ಲಿ ನಲವತ್ತರ ಆಸುಪಾಸು ಪ್ಲೇಗಳಲ್ಲಿ ಸೋಲುತ್ತದೆ. 35ಕ್ಕಿಂತ ಕೆಳಗಿದ್ದರೆ ಒಳ್ಳೆಯ ಡಿಫೆನ್ಸ್.

ಪಂದ್ಯದ ಕೊನೆಗೆ ಮಂಡಿಯೂರಿ ಗಡಿಯಾರ ಓಡಿಸುವ ಪ್ಲೇಗಳನ್ನು ತೆಗೆದುಹಾಕಿ. ಪಂದ್ಯ ಕೈಬಿಟ್ಟ ಮೇಲಿನ ಆಟವನ್ನೂ ತೆಗೆಯಬೇಕು. ನಾನು ಇಟ್ಟಿರುವ ಗೆರೆ ಎರಡನೇ ಕ್ವಾರ್ಟರ್‌ನಲ್ಲಿ 38ಕ್ಕಿಂತ ಹೆಚ್ಚಿನ ಅಂತರ, ಮೂರನೆಯದರಲ್ಲಿ 28, ನಾಲ್ಕನೆಯದರಲ್ಲಿ 22. 63-10ರಲ್ಲಿ ಮುಗಿದ ನಾರ್ದರ್ನ್ ಇಲಿನಾಯ್ ಪಂದ್ಯದಂಥದ್ದರಲ್ಲಿ ದ್ವಿತೀಯಾರ್ಧದ ಬಹುಪಾಲು ಹೀಗೇ ಹೋಗುತ್ತದೆ. ಅಲ್ಲಿ ಮೈದಾನದಲ್ಲಿರುವವರು ಎರಡೂ ಕಡೆಯ ಮೀಸಲು ಆಟಗಾರರು. ಎಫ್‌ಸಿಎಸ್ (ಕಾಲೇಜು ಫುಟ್‌ಬಾಲ್‌ನ ಎರಡನೇ ದರ್ಜೆ) ಎದುರಾಳಿ ಇದ್ದರೆ ಆ ಪಂದ್ಯವನ್ನೇ ಬಿಡುತ್ತೇನೆ. 2021ರಲ್ಲಿ ಮಿಶಿಗನ್‌ಗೆ ಅಂಥ ಪಂದ್ಯ ಇರಲಿಲ್ಲ.

ಇಲ್ಲಿ ಬಹಳ ಜನ ಎಡವುವ ಒಂದು ಲೆಕ್ಕವಿದೆ. ಕಾಲೇಜು ಅಂಕಿಅಂಶದಲ್ಲಿ ಸ್ಯಾಕ್‌ನಲ್ಲಿ (ಪಾಸ್ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಬೀಳಿಸಿದಾಗ) ಕಳೆದುಕೊಂಡ ಯಾರ್ಡ್ ಓಟದ ಖಾತೆಗೆ ಹೋಗುತ್ತದೆ. ಎನ್‌ಎಫ್‌ಎಲ್‌ನಲ್ಲಿ ಅದು ಪಾಸ್ ಖಾತೆಗೆ. ಎದುರಾಳಿ 30 ಓಟಗಳಲ್ಲಿ 60 ಯಾರ್ಡ್ ಗಳಿಸಿದ ಎಂದು ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಪಟ್ಟಿ) ಹೇಳುತ್ತದೆ ಎಂದಿಟ್ಟುಕೊಳ್ಳಿ. ಸರಾಸರಿ ಎರಡೇ ಯಾರ್ಡ್, ಗೋಡೆಯಂಥ ಡಿಫೆನ್ಸ್ ಅನಿಸುತ್ತದೆ. ಅದರಲ್ಲಿ 4 ಸ್ಯಾಕ್, 32 ಯಾರ್ಡ್ ನಷ್ಟ ಸೇರಿದ್ದರೆ ನಿಜವಾದ ಓಟ 26, ಗಳಿಕೆ 92 ಯಾರ್ಡ್, ಸರಾಸರಿ 3.5. ಚೆನ್ನಾಗಿದೆ, ಆದರೆ ಗೋಡೆಯಲ್ಲ. ಇನ್ನೊಂದು ಕಡೆ, 30 ಪಾಸ್‌ಗೆ 210 ಯಾರ್ಡ್ ಬಿಟ್ಟು 7.0ರಂತೆ ಕಾಣುತ್ತಿದ್ದದ್ದು, ಸ್ಯಾಕ್ ಸೇರಿಸಿದರೆ 34 ಯತ್ನಕ್ಕೆ 178, ಅಂದರೆ 5.2ಕ್ಕೆ ಇಳಿಯುತ್ತದೆ. ಡಿಫೆನ್ಸಿನ ಬಲ ಎಲ್ಲಿದೆ ಎಂಬ ತೀರ್ಮಾನವೇ ತಲೆಕೆಳಗಾಯಿತು. ಕ್ವಾರ್ಟರ್‌ಬ್ಯಾಕ್ ಪಾಸ್ ಮಾಡಲು ಹಿಂದೆ ಸರಿದು ಕೊನೆಗೆ ಓಡಿದ್ದನ್ನೂ ನಾನು ಪಾಸ್ ಪ್ಲೇ ಎಂದೇ ಬರೆಯುತ್ತೇನೆ. ಪಟ್ಟಿಯಲ್ಲಿ ಅದು ಓಟ ಎಂದಿರುತ್ತದೆ, ವಿಡಿಯೊ ನೋಡಿ ತಿದ್ದಬೇಕು.

ಎದುರಾಳಿಯ ತೂಕ ಹಾಕುವುದು ಎಲ್ಲಕ್ಕಿಂತ ಕಷ್ಟದ ಭಾಗ. ಪಿಚ್ ಹೇಗಿತ್ತು, ಬ್ಯಾಟ್ ಹಿಡಿದವರು ಯಾರು ಎಂದು ಕೇಳದೆ ಬೌಲರ್‌ನ ಎಕಾನಮಿ ಒಂದನ್ನೇ ಹೇಳಿದರೆ ಕ್ರಿಕೆಟ್ ಬಲ್ಲವರು ಒಪ್ಪುವುದಿಲ್ಲ, ಇಲ್ಲೂ ಹಾಗೆಯೇ. ವಾಷಿಂಗ್ಟನ್ 10 ಪಾಯಿಂಟ್ ಗಳಿಸಿದಾಗ ಹಲವರು ಅದಕ್ಕೆ ಬೆಲೆ ಕೊಡಲಿಲ್ಲ, ಏಕೆಂದರೆ ಹಿಂದಿನ ವಾರವೇ ಆ ತಂಡ ಎಫ್‌ಸಿಎಸ್‌ನ ಮೊಂಟಾನಾ ಎದುರು 13-7ರಿಂದ ಸೋತಿತ್ತು. ಮುಂದಿನ ವಾರ ಅದೇ ತಂಡ ಅರ್ಕನ್ಸಾ ಸ್ಟೇಟ್‌ಗೆ 52 ಪಾಯಿಂಟ್ ಹೊಡೆಯಿತು. ಕೊನೆಗೆ ಸೀಸನ್ ಮುಗಿಸಿದ್ದು 4-8ರಲ್ಲಿ. ವೆಸ್ಟರ್ನ್ ಮಿಶಿಗನ್ ಕಥೆ ಇದಕ್ಕೆ ವಿರುದ್ಧ. ಮಿಶಿಗನ್ ಎದುರು 14ಕ್ಕೆ ನಿಂತವರು ಎರಡು ವಾರದ ನಂತರ ಪಿಟ್ಸ್‌ಬರ್ಗ್‌ನ ಮೈದಾನದಲ್ಲೇ 44 ಪಾಯಿಂಟ್ ಗಳಿಸಿ ಗೆದ್ದರು, ಆ ಪಿಟ್ ತಂಡ ಆ ವರ್ಷ ಎಸಿಸಿ ಕಾನ್ಫರೆನ್ಸ್‌ನ ಚಾಂಪಿಯನ್. ನಾರ್ದರ್ನ್ ಇಲಿನಾಯ್ ಕೂಡ ಕೊನೆಗೆ ಮ್ಯಾಕ್ ಕಾನ್ಫರೆನ್ಸ್ ಗೆದ್ದಿತು.

ಆದ್ದರಿಂದ ಎದುರಾಳಿಯ ಬೆಲೆ ಒಮ್ಮೆ ಬರೆದಿಟ್ಟು ಮರೆಯುವುದಲ್ಲ. ಪ್ರತಿ ಸೋಮವಾರ ಆ ಕಾಲಂ ಬದಲಾಗಬೇಕು. ನನ್ನ ವಿಧಾನ ಸರಳ: ಎದುರಾಳಿ ಉಳಿದ ಎಫ್‌ಬಿಎಸ್ (ಮೇಲಿನ ದರ್ಜೆಯ) ಪಂದ್ಯಗಳಲ್ಲಿ ಪ್ಲೇಗೆ ಎಷ್ಟು ಯಾರ್ಡ್ ಗಳಿಸಿದ್ದಾನೆ, ನಮ್ಮೆದುರು ಎಷ್ಟು, ಎರಡರ ವ್ಯತ್ಯಾಸ. ಮೊದಲ ವಾರಗಳಲ್ಲಿ ಹೋಲಿಕೆಗೆ ಪಂದ್ಯಗಳೇ ಇರುವುದಿಲ್ಲ. ಆಗ ಹೋದ ವರ್ಷದ ಅಂಕಿಯನ್ನು ತೆಗೆದುಕೊಳ್ಳುತ್ತೇನೆ, ಅದೂ ಕ್ವಾರ್ಟರ್‌ಬ್ಯಾಕ್ ಅದೇ ಆಗಿದ್ದರೆ ಮಾತ್ರ. ಆಟಗಾರರು ಸುಲಭವಾಗಿ ಕಾಲೇಜು ಬದಲಿಸಲು ದಾರಿಯಾದ ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ ಹಳೆಯ ಅಂಕಿಯ ಬೆಲೆ ಇನ್ನೂ ಇಳಿದಿದೆ.

ಅಂಕಿಗಳ ಮಿತಿಯನ್ನೂ ತಿಳಿದಿರಬೇಕು. ನಾಲ್ಕು ಪಂದ್ಯಗಳಲ್ಲಿ ಕಸ ಕಳೆದು ಉಳಿಯುವುದು ಸುಮಾರು 200 ಪ್ಲೇ. ಅಷ್ಟರಲ್ಲಿ ಸಫಲತೆಯ ಪ್ರಮಾಣ ಬರೀ ಅದೃಷ್ಟದಿಂದಲೇ ಆರೇಳು ಶೇಕಡಾ ಅತ್ತಿತ್ತ ಆಗಬಹುದು. 42ರಿಂದ 39ಕ್ಕೆ ಇಳಿಯಿತು ಎಂದು ಹಿಗ್ಗುವುದರಲ್ಲಿ ಅರ್ಥವಿಲ್ಲ. 42ರಿಂದ 32ಕ್ಕೆ ಇಳಿದರೆ ಏನೋ ಬದಲಾಗಿದೆ ಎನ್ನಬಹುದು. ರೆಡ್ ಝೋನ್ (ಗೋಲ್ ಗೆರೆಗೆ ಮುಂಚಿನ ಕೊನೆಯ 20 ಯಾರ್ಡ್) ಅಂಕಿಯನ್ನಂತೂ ಸೆಪ್ಟೆಂಬರ್‌ನಲ್ಲಿ ನಾನು ನೋಡುವುದೇ ಇಲ್ಲ, ಒಂದು ಡಜನ್ ಸಂದರ್ಭಗಳಿಂದ ಏನನ್ನೂ ಹೇಳಲಾಗದು. ಮೂರನೇ ಡೌನ್‌ನಲ್ಲಿ ಎಷ್ಟು ತಡೆದರು ಎನ್ನುವುದಕ್ಕಿಂತ, ಮೂರನೇ ಡೌನ್ ಬಂದಾಗ ಎದುರಾಳಿಗೆ ಸರಾಸರಿ ಎಷ್ಟು ಯಾರ್ಡ್ ಬೇಕಿತ್ತು ಎನ್ನುವುದು ಹೆಚ್ಚು ನಂಬಬಹುದಾದ ಅಂಕಿ. ಕೈಜಾರಿ ಬಿದ್ದ ಚೆಂಡು (ಫಂಬಲ್) ಯಾರ ಕೈ ಸೇರುತ್ತದೆ ಎಂಬುದು ನಾಣ್ಯ ಚಿಮ್ಮಿದಂತೆ, ಹೆಚ್ಚೂ ಕಡಿಮೆ ಅರ್ಧಕ್ಕರ್ಧ. ಇಂಟರ್‌ಸೆಪ್ಷನ್‌ಗಳನ್ನು ಎಣಿಸುವ ಬದಲು ನಮ್ಮವರು ಮುಟ್ಟಿದ ಒಟ್ಟು ಪಾಸ್‌ಗಳನ್ನು ಎಣಿಸಿ. ಸಾಮಾನ್ಯವಾಗಿ ಐದರಲ್ಲಿ ಒಂದು ಕೈಗೆ ಸಿಗುತ್ತದೆ. ಹತ್ತು ಮುಟ್ಟಿ ಆರು ಹಿಡಿದಿದ್ದರೆ ಅದು ಅಕ್ಟೋಬರ್‌ನಲ್ಲಿ ನಿಲ್ಲುವುದಿಲ್ಲ.

ಇನ್ನು ವಿಡಿಯೊ. ಟಿವಿ ಕ್ಯಾಮೆರಾ ಸೇಫ್ಟಿಗಳನ್ನು (ಡಿಫೆನ್ಸ್‌ನಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವರನ್ನು) ಚೌಕಟ್ಟಿನಿಂದ ಹೊರಗಿಡುತ್ತದೆ, ಇಪ್ಪತ್ತೆರಡೂ ಆಟಗಾರರು ಕಾಣುವ ಕೋಚಿಂಗ್ ವಿಡಿಯೊ ಕಾಲೇಜು ಆಟದಲ್ಲಿ ಅಭಿಮಾನಿಗಳಿಗೆ ಸುಲಭವಾಗಿ ಸಿಗುವುದಿಲ್ಲ. ಆದರೂ ಸ್ನ್ಯಾಪ್‌ಗೆ (ಚೆಂಡನ್ನು ಹಿಂದಕ್ಕೆ ಕೊಟ್ಟು ಪ್ಲೇ ಶುರುಮಾಡುವುದಕ್ಕೆ) ಮುಂಚಿನ ಒಂದೆರಡು ಸೆಕೆಂಡ್ ಅಗಲದ ನೋಟ ಇರುತ್ತದೆ. ಅಲ್ಲಿ ನಿಲ್ಲಿಸಿ ಎರಡು ವಿಷಯ ಬರೆದುಕೊಳ್ಳುತ್ತೇನೆ: ಆಳದಲ್ಲಿ ಸೇಫ್ಟಿ ಒಬ್ಬನೋ ಇಬ್ಬರೋ, ಮತ್ತು ಬಾಕ್ಸ್‌ನಲ್ಲಿ, ಅಂದರೆ ಆಫೆನ್ಸಿವ್ ಲೈನ್ ಎದುರು, ಎಷ್ಟು ಜನ. ಸ್ನ್ಯಾಪ್ ಆದ ಮೇಲೆ ಎಷ್ಟು ಮಂದಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದರು ಎನ್ನುವುದು ಮೂರನೇ ಕಾಲಂ.

ಮಿಶಿಗನ್‌ನ ಬದಲಾವಣೆ ಎದ್ದು ಕಂಡದ್ದು ಇಲ್ಲೇ. ಬ್ರೌನ್ ಕಾಲದಲ್ಲಿ ಕಾರ್ನರ್‌ಗಳು (ಪಾಸ್ ಹಿಡಿಯುವ ರಿಸೀವರ್‌ಗಳನ್ನು ಅಂಚಿನಲ್ಲಿ ಕಾಯುವವರು) ಒಬ್ಬ ರಿಸೀವರ್‌ಗೆ ಒಬ್ಬರಂತೆ ಬೆನ್ನು ಹತ್ತುತ್ತಿದ್ದರು, ಬ್ಲಿಟ್ಝ್ (ಹೆಚ್ಚು ಮಂದಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವುದು) ಹೇರಳವಾಗಿತ್ತು. 2020ರಲ್ಲಿ ಮಿಶಿಗನ್ ಸ್ಟೇಟ್‌ನ ಮೊದಲ ವರ್ಷದ ರಿಸೀವರ್ ರಿಕಿ ವೈಟ್ ಒಂದೇ ಪಂದ್ಯದಲ್ಲಿ 196 ಯಾರ್ಡ್ ಗಳಿಸಿದ್ದು ಆ ಪದ್ಧತಿ ಮುರಿದಾಗ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ. ಮೆಕ್‌ಡೊನಾಲ್ಡ್ ಆಳದಲ್ಲಿ ಇಬ್ಬರು ಸೇಫ್ಟಿಗಳನ್ನು ಹೆಚ್ಚಾಗಿ ನಿಲ್ಲಿಸಿದರು. ಐದಾರು ಮಂದಿ ನುಗ್ಗುವ ಹಾಗೆ ತೋರಿಸಿ ನಾಲ್ವರನ್ನೇ ಕಳಿಸುವುದು, ಆ ನಾಲ್ವರು ಯಾರು ಎಂದು ಪ್ರತಿ ಸಲ ಬದಲಿಸುವುದು ಅವರ ರೀತಿ. ಏಡನ್ ಹಚಿನ್ಸನ್ ಮತ್ತು ಡೇವಿಡ್ ಒಜಾಬೊ ಇಬ್ಬರೂ ಎರಡು ಅಂಚುಗಳಿಂದ ನುಗ್ಗಿದರು. ಡ್ಯಾಕ್ಸ್ ಹಿಲ್ ಒಳಬದಿಯಲ್ಲಿ ನಿಲ್ಲುವ ಸ್ಲಾಟ್ ರಿಸೀವರ್ ಎದುರಿಗೆ ಬಂದ. ಹಚಿನ್ಸನ್ 2020ರಲ್ಲಿ ಗಾಯದಿಂದಾಗಿ ಮೂರೇ ಪಂದ್ಯ ಆಡಿದ್ದ, 2021ರಲ್ಲಿ 14 ಸ್ಯಾಕ್ ಮಾಡಿದ. ಒಜಾಬೊ 11. ಸುಧಾರಣೆಗೆ ಹೊಸ ತಂತ್ರ ಎಷ್ಟು ಕಾರಣವೋ, ಒಬ್ಬ ಅಪೂರ್ವ ಆಟಗಾರ ಮರಳಿ ಬಂದದ್ದೂ ಅಷ್ಟೇ ಕಾರಣ. ಎರಡನ್ನೂ ಬಿಡಿಸಿ ನೋಡದೆ ಕೋಚ್‌ಗೆ ಪೂರ್ತಿ ಶ್ರೇಯ ಕೊಡುವುದು ನ್ಯಾಯವಲ್ಲ.

ನುಗ್ಗಿದ್ದು ನಾಲ್ವರೇ ಆಗಿದ್ದೂ ಕ್ವಾರ್ಟರ್‌ಬ್ಯಾಕ್‌ಗೆ ನಿಂತು ಎಸೆಯಲು ಆಗಲಿಲ್ಲ ಎಂದರೆ, ಉಳಿದ ಏಳು ಮಂದಿ ಕವರೇಜ್‌ನಲ್ಲಿದ್ದಾರೆ (ರಿಸೀವರ್‌ಗಳನ್ನು ಕಾಯುತ್ತಿದ್ದಾರೆ) ಎಂದರ್ಥ. ಸೆಪ್ಟೆಂಬರ್‌ನಲ್ಲಿ ನಾನು ಅತಿ ಹೆಚ್ಚು ನಂಬುವ ಸಂಕೇತ ಇದು. ಇದರ ಜೋಡಿ ಇನ್ನೊಂದು: ಬಾಕ್ಸ್‌ನಲ್ಲಿ ಆರೇ ಮಂದಿ ಇಟ್ಟುಕೊಂಡು ಮೊದಲ ಡೌನ್‌ನ ಓಟವನ್ನು ನಾಲ್ಕು ಯಾರ್ಡ್ ಒಳಗೆ ತಡೆಯುವುದು. ಎಂಟು ಮಂದಿಯನ್ನು ಮುಂದಕ್ಕೆ ತಂದು ಓಟ ತಡೆಯುವುದು ದೊಡ್ಡದಲ್ಲ, ಅದರ ಬೆಲೆ ಹಿಂದೆ ಪಾಸ್‌ನಲ್ಲಿ ತೆರಬೇಕಾಗುತ್ತದೆ.

ಕಾಲೇಜು ಮೈದಾನದ ಒಂದು ಗುಣವನ್ನೂ ಗಮನಿಸಬೇಕು. ಇಲ್ಲಿ ಚೆಂಡು ಇಡುವ ಜಾಗದ ಅಂಚು ಗುರುತಿಸುವ ಎರಡು ಹ್ಯಾಷ್ ಗೆರೆಗಳ ನಡುವೆ 40 ಅಡಿ ಇದೆ, ಎನ್‌ಎಫ್‌ಎಲ್‌ನಲ್ಲಿ 18.5 ಅಡಿ. ಚೆಂಡು ಒಂದು ಹ್ಯಾಷ್ ಮೇಲಿದ್ದರೆ ಒಂದು ಪಕ್ಕ 60 ಅಡಿ, ಇನ್ನೊಂದು ಪಕ್ಕ 100 ಅಡಿ ಬಯಲು. ಆ ಅಗಲದ ಕಡೆ ಬೀಸುವ ಸ್ಕ್ರೀನ್ ಪಾಸ್ (ಪಕ್ಕಕ್ಕೆ ಎಸೆಯುವ ಗಿಡ್ಡ ಪಾಸ್) ಹಿಡಿದವನನ್ನು ಮೊದಲ ಡಿಫೆಂಡರ್ ಒಬ್ಬನೇ ಬಂದು ಬೀಳಿಸುತ್ತಾನೋ, ಇಲ್ಲ ಆತನ ಕೈಯಿಂದ ತಪ್ಪಿಸಿಕೊಂಡವನಿಗಾಗಿ ಹಿಂದಿನವರು ಓಡಿಬರಬೇಕೋ, ಇದನ್ನು ಪ್ರತಿ ಸಲ ಬರೆದಿಡುತ್ತೇನೆ. ತಪ್ಪಿದ ಟ್ಯಾಕಲ್‌ಗಳು ಮೊದಲು ಕಾಣುವುದೂ ಇಲ್ಲೇ.

ರಟ್ಗರ್ಸ್ ಪಂದ್ಯ ಎಚ್ಚರಿಕೆಯಾಗಿತ್ತು. ಅರ್ಧಕ್ಕೆ 20-3 ಇದ್ದದ್ದು 20-13ರಲ್ಲಿ ಮುಗಿಯಿತು. 13 ಪಾಯಿಂಟ್ ಎಂಬ ಅಂಕಿ ಇದನ್ನು ಮುಚ್ಚಿಡುತ್ತದೆ, ಆದ್ದರಿಂದ ನಾನು ಪ್ರತಿ ಪಂದ್ಯವನ್ನೂ ಎರಡು ಅರ್ಧಗಳಾಗಿ ಬೇರೆ ಮಾಡುತ್ತೇನೆ. ಎದುರಾಳಿ ಕೋಚ್‌ಗಳು ವಿರಾಮದಲ್ಲಿ ದಾರಿ ಕಂಡುಕೊಂಡರೋ ಎನ್ನುವುದು ಅಲ್ಲಿ ಗೊತ್ತಾಗುತ್ತದೆ. ಮುಂದಿನ ವಾರ ವಿಸ್ಕಾನ್ಸಿನ್ ಎದುರು 38-17ರ ಗೆಲುವು ಬಂತು. ಹಿಂದಿನ ವರ್ಷ ಅದೇ ತಂಡ 49 ಗಳಿಸಿತ್ತು. ಇದರಲ್ಲೂ ಒಂದು ಕಳೆಯುವ ಲೆಕ್ಕವಿದೆ: ಅವರ ಕ್ವಾರ್ಟರ್‌ಬ್ಯಾಕ್ ಗ್ರಹಾಂ ಮರ್ಟ್ಝ್ ಮೂರನೇ ಕ್ವಾರ್ಟರ್‌ನಲ್ಲಿ ಗಾಯಗೊಂಡು ಹೊರಹೋದ. ಅಲ್ಲಿಂದಾಚಿನ ಪ್ಲೇಗಳಿಗೆ ನನ್ನ ಪಟ್ಟಿಯಲ್ಲಿ ಬೇರೆ ಬಣ್ಣ.

ಸೀಸನ್ ಮುಗಿದಾಗ 14 ಪಂದ್ಯಗಳ ಸರಾಸರಿ 17.4. ಓಹಾಯೊ ಸ್ಟೇಟ್‌ ಮೇಲೆ 42-27, ಬಿಗ್ ಟೆನ್ ಫೈನಲ್‌ನಲ್ಲಿ ಅಯೋವಾ ಮೇಲೆ 42-3. ಸೆಪ್ಟೆಂಬರ್‌ನ 11.75 ನಿಲ್ಲಲಿಲ್ಲ, ನಿಲ್ಲುವುದೂ ಇಲ್ಲ, ಆದರೆ ದಿಕ್ಕು ಸರಿಯಿತ್ತು. ಮುರಿದದ್ದು ಅಕ್ಟೋಬರ್ 30ರಂದು ಮಿಶಿಗನ್ ಸ್ಟೇಟ್ ಎದುರು: 37-33ರ ಸೋಲು, ಆ ತಂಡದ ಕೆನೆತ್ ವಾಕರ್ 197 ಯಾರ್ಡ್ ಓಡಿ ಐದು ಟಚ್‌ಡೌನ್ ಗಳಿಸಿದ. ಅಲ್ಲಿ ಪೆಟ್ಟು ಕೊಟ್ಟದ್ದು ಎದುರಾಳಿ ತಟತಟನೆ ಪ್ಲೇ ಆಡಿದ ವೇಗ. ಕಾಲೇಜು ನಿಯಮದಲ್ಲಿ ಆಫೆನ್ಸ್ ಆಟಗಾರರನ್ನು ಬದಲಿಸಿದರೆ ಮಾತ್ರ ಡಿಫೆನ್ಸ್‌ಗೂ ಬದಲಿಸಲು ರೆಫರಿ ಸಮಯ ಕೊಡುತ್ತಾರೆ. ಬದಲಿಸದೆ ತಟ್ಟನೆ ಸಾಲುಗಟ್ಟಿದರೆ ಇಲ್ಲ. ಪ್ರತಿ ಪ್ಲೇಗೂ ಜನ ಬದಲಿಸಿ ವೇಷ ಹಾಕುವ ಡಿಫೆನ್ಸ್‌ಗೆ ಇದು ಮರ್ಮದ ಪೆಟ್ಟು. ಹಾಗಾಗಿ ಕೊನೆಯ ಕಾಲಂ ಒಂದಿದೆ: ಸ್ನ್ಯಾಪ್ ಆಗುವ ಕ್ಷಣಕ್ಕೆ ಹನ್ನೊಂದು ಮಂದಿಯೂ ತಮ್ಮ ಜಾಗದಲ್ಲಿ ನಿಂತಿದ್ದರೇ? ಸೆಪ್ಟೆಂಬರ್‌ನ ಎದುರಾಳಿಗಳಲ್ಲಿ ಒಬ್ಬರೂ ವೇಗವಾಗಿ ಆಡದಿದ್ದರೆ ಆ ಕಾಲಂ ಖಾಲಿಯೇ ಉಳಿಯುತ್ತದೆ. ಆಗ ಮುಂದಿನ ವೇಳಾಪಟ್ಟಿ ತೆರೆದು, ನಿಮಿಷಕ್ಕೆ ಅತಿ ಹೆಚ್ಚು ಪ್ಲೇ ಆಡುವ ತಂಡ ಯಾವುದು, ಅದರೊಂದಿಗೆ ಪಂದ್ಯ ಯಾವಾಗ ಎಂದು ಗುರುತು ಹಾಕಿ, ಅಲ್ಲಿಯವರೆಗೆ ಓಟದ ಡಿಫೆನ್ಸ್ ಬಗ್ಗೆ ತೀರ್ಪು ತಡೆಹಿಡಿಯುತ್ತೇನೆ.