ನಡುಗುವ ಪ್ಲೇಟಿನ ಮೇಲೆ ಮಗುವನ್ನು ನಿಲ್ಲಿಸುವ ಮೊದಲು: ನನ್ನ ಅನುಭವ

ಕೊಪ್ಪಳ ಜಿಲ್ಲೆಯಲ್ಲಿ ಮಕ್ಕಳ ಫಿಸಿಯೊಥೆರಪಿ ನನ್ನ ಕೆಲಸ. ಬರುವವರಲ್ಲಿ ಸೆರೆಬ್ರಲ್ ಪಾಲ್ಸಿ (ಸಿ.ಪಿ.) ಮಕ್ಕಳೇ ಜಾಸ್ತಿ, ಅಂದರೆ ಎಳವೆಯಲ್ಲೇ ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಹಿಡಿತ ತಪ್ಪಿದವರು. ಕುಷ್ಟಗಿ, ಕಾರಟಗಿ, ಆ ಕಡೆ ಸಿಂಧನೂರಿನಿಂದಲೂ ಬರುತ್ತಾರೆ. ಕೆಲವರನ್ನು ಅಂಗನವಾಡಿಯಲ್ಲಿ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ಆರ್‌ಬಿಎಸ್‌ಕೆ ತಂಡದವರು ನೋಡಿ ಕಳಿಸಿರುತ್ತಾರೆ. ನನ್ನ ಹತ್ತಿರ ಇರುವ ವೈಬ್ರೇಷನ್ ಮಷಿನ್, ಅಂದರೆ ಮೇಲೆ ನಿಂತವರನ್ನು ನಡುಗಿಸುವ ಪ್ಲೇಟು, ನೋಡಿದ ಎಲ್ಲರದೂ ಒಂದೇ ಪ್ರಶ್ನೆ. "ಮೇಡಂ, ಇದರ ಮ್ಯಾಲ ನಿಂತ್ರ ನಮ್ಮ ಹುಡುಗ ನಡೀತಾನೇನ್ರಿ?"

ಇಲ್ಲ. ನಾನು ಮೊದಲ ದಿನವೇ ಹೀಗೆ ಹೇಳಿಬಿಡುತ್ತೇನೆ. ಮಷಿನ್ ಸ್ವಲ್ಪ ಹೊತ್ತು ಸ್ನಾಯುಗಳ ಬಿಗಿ ಸಡಿಲಿಸುತ್ತದೆ, ಅಷ್ಟೇ. ಆ ಹೊತ್ತಿನಲ್ಲಿ ಮಗುವಿನಿಂದ ಏನು ಮಾಡಿಸುತ್ತೇವೆ ಅನ್ನೋದರ ಮೇಲೆ ಲಾಭ ನಿಂತಿದೆ. ಅದಕ್ಕೂ ಮೊದಲು ಯಾವ ಮಗುವನ್ನು ಹತ್ತಿಸಬಾರದು ಅಂತ ಗೊತ್ತಿರಬೇಕು. ಪ್ಲೇಟಿನ ಮೇಲಿನ ನಿಮಿಷಗಳಿಗಿಂತ ಈ ವಿಚಾರಣೆಗೇ ನನ್ನ ಸಮಯ ಜಾಸ್ತಿ ಹೋಗುತ್ತದೆ.

ನಡುಕದಿಂದ ಚಿಕಿತ್ಸೆ ಅನ್ನೋದು ಹೊಸದೇನಲ್ಲ. 1892ರಲ್ಲೇ ಪ್ಯಾರಿಸ್ಸಿನ ಶಾರ್ಕೋ ಅನ್ನೋ ವೈದ್ಯರು ನಡುಗುವ ಕುರ್ಚಿಯ ಬಗ್ಗೆ ಪಾಠ ಮಾಡಿದ್ದರು. ರೈಲಿನಲ್ಲಿ, ಕುದುರೆ ಗಾಡಿಯಲ್ಲಿ ದೂರ ಹೋಗಿ ಬಂದರೆ ಹಾಯೆನಿಸುತ್ತದೆ ಅಂತ ಕೈಕಾಲು ನಡುಗುವ ಪಾರ್ಕಿನ್‌ಸನ್ ರೋಗಿಗಳು ಹೇಳುತ್ತಿದ್ದರಂತೆ, ಅದರಿಂದ ಹುಟ್ಟಿದ ಯೋಚನೆ ಅದು. ಇದನ್ನು ಕೇಳಿದ ಒಬ್ಬ ಅಜ್ಜ, "ಹಂಗಾದ್ರ ನಮ್ಮೂರ ಬಸ್ಸಿನಾಗ ದಿನಾ ಕುಂದರಿಸಿದ್ರ ಸಾಕಲ್ರಿ" ಅಂದರು. ಎಲ್ಲರೂ ನಕ್ಕೆವು. ಆದರೆ ಆ ಮಾತಿಗೆ ಉತ್ತರ ಕೊಡಲೇಬೇಕು, ಯಾಕಂದರೆ ಸುರಕ್ಷತೆ ಇರುವುದೇ ಅಲ್ಲಿ. ಬಸ್ಸು, ಟ್ರ್ಯಾಕ್ಟರ್ ಮೈಯನ್ನು ನಿಧಾನವಾಗಿ, ದೊಡ್ಡದಾಗಿ ಎತ್ತಿ ಕುಕ್ಕುತ್ತವೆ. ಕೂತ ಮನುಷ್ಯನ ಮೈ ಸೆಕೆಂಡಿಗೆ ಸುಮಾರು 5 ಸಲದ ಕುಲುಕಿಗೇ ಅತಿ ಹೆಚ್ಚು ಅಲ್ಲಾಡುತ್ತದೆ. ಹಾಗಾಗಿ ನಿಧಾನ ಅಂದರೆ ಮೆತ್ತಗೆ ಅಂತ ಅಂದುಕೊಳ್ಳಬಾರದು.

ಮಷಿನ್ನಿನಲ್ಲಿ ಎರಡು ಅಂಕಿ ನೋಡಬೇಕು. ಸೆಕೆಂಡಿಗೆ ಎಷ್ಟು ಸಲ ಅನ್ನೋದು ಹರ್ಟ್ಜ್. ಒಂದೊಂದು ಸಲ ನಡುಮಟ್ಟದಿಂದ ಒಂದು ಕಡೆಗೆ ಎಷ್ಟು ಸರಿಯುತ್ತದೆ ಅನ್ನೋದು ಮಿಲಿಮೀಟರ್. ಹರ್ಟ್ಜ್ ಎರಡರಷ್ಟಾದರೆ ಮೈ ಮೇಲೆ ಬೀಳುವ ಹೊಡೆತ ನಾಲ್ಕು ಪಟ್ಟಾಗುತ್ತದೆ. 1 ಮಿ.ಮೀ. ಇಟ್ಟುಕೊಂಡು 12 ಹರ್ಟ್ಜ್‌ನಲ್ಲಿ ಓಡಿಸಿದರೆ ಭೂಮಿಯ ಸೆಳೆತದ (1 ಜಿ) ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಂದರೆ ಸುಮಾರು 0.6 ಜಿ. ಅದನ್ನೇ 24ಕ್ಕೆ ಏರಿಸಿದರೆ 2.3 ಜಿ. ಗುಂಡಿಯನ್ನು ಸುಮ್ನೆ ಸ್ವಲ್ಪ ತಿರುಗಿಸಿದ ಹಾಗೆ ಕಾಣುತ್ತದೆ, ಮಗುವಿನ ಮೂಳೆಗೆ ಹಾಗಿರುವುದಿಲ್ಲ.

ಮೂಳೆಯ ಮಾತು ಬಂತಲ್ಲ, ನನಗೆ ಜಾಸ್ತಿ ಹೆದರಿಕೆ ಅದರದೇ. ನಡೆಯದ ಮಕ್ಕಳ ಮೂಳೆ ಮೊದಲೇ ತೆಳು. ಮನೆಯೊಳಗೇ ಮಲಗಿಸಿರುತ್ತಾರೆ, ಬಿಸಿಲು ಬೀಳಲ್ಲ. ನಮ್ಮಲ್ಲಿ ಬಿಸಿಲಿಗೇನು ಬರ, ಅಲ್ವಾ? ಆದರೂ ಮಗು ಒಳಗೇ. ಇದರ ಜೊತೆ ಫಿಟ್ಸ್‌ಗೆ ವರ್ಷಗಟ್ಟಲೆ ತಗೊಳ್ಳುವ ಫೆನಿಟಾಯಿನ್, ಫಿನೋಬಾರ್ಬಿಟಾಲ್‌ನಂಥ ಔಷಧಿ ವಿಟಮಿನ್ ಡಿ ಕಡಿಮೆ ಮಾಡಬಹುದು. ಇಂಥ ಮಕ್ಕಳಿಗೆ ಬಟ್ಟೆ ಬದಲಿಸುವಾಗಲೂ ತೊಡೆ ಮೂಳೆ ಮುರಿಯುವುದುಂಟು. ಅದಕ್ಕೆ ನಾನು ತಾಯಿಯನ್ನು ಕೇಳುವ ಮೊದಲ ಪ್ರಶ್ನೆ: "ಅಕ್ಕಾ, ಅರಿವಿ ಹಾಕುವಾಗ, ಕಾಲು ಅಗಲ ಮಾಡುವಾಗ ಅಳ್ತದೇನು?" ಹೌದು ಅಂದರೆ ಅವತ್ತು ಮಷಿನ್ ಇಲ್ಲ. ಸೊಂಟದ ಕೀಲಿನ ಎಕ್ಸ್‌ರೇ ಆಗಬೇಕು, ಡಾಕ್ಟರ್ ನೋಡಬೇಕು. ಸಿ.ಪಿ. ಮಕ್ಕಳಲ್ಲಿ, ಅದರಲ್ಲೂ ನಡೆಯದವರಲ್ಲಿ, ತೊಡೆಯ ಗುಂಡು ನಿಧಾನಕ್ಕೆ ಗೂಡಿನಿಂದ ಜಾರುತ್ತಿರುತ್ತದೆ. ಎಷ್ಟೋ ಸಲ ನೋವೂ ಇರುವುದಿಲ್ಲ. ಹಾಗಾಗಿ ನಿಲ್ಲದ ಮಗುವಾದರೆ, ಅಳಲಿ ಬಿಡಲಿ, ಎಕ್ಸ್‌ರೇ ಕೇಳಿಯೇ ಕೇಳುತ್ತೇನೆ.

ಎರಡನೆಯದು ಫಿಟ್ಸ್. ಹತೋಟಿಗೆ ಬರದಿದ್ದರೆ ಹತ್ತಿಸಲ್ಲ. "ಗುಳಿಗಿ ಕೊಡ್ತೀವ್ರಿ" ಅನ್ನೋ ಮಾತು ನನಗೆ ಸಾಲದು, ಸ್ಟ್ರಿಪ್ ತೋರಿಸಿ ಅನ್ನುತ್ತೇನೆ. ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡಿ ಬಂದ ಮನೆಗಳಲ್ಲಿ ಔಷಧಿ ನಡುವೆ ನಿಂತುಹೋಗಿರುತ್ತದೆ. ಬೇಕಂತ ಯಾರೂ ನಿಲ್ಲಿಸಿರಲ್ಲ. ಊರು ಬದಲಾಗಿರುತ್ತದೆ, ಚೀಟಿ ಕಳೆದಿರುತ್ತದೆ.

ಇನ್ನು ಇತ್ತೀಚೆಗೆ ಮೂಳೆ ಮುರಿದಿದ್ದರೆ, ಆಪರೇಷನ್ ಆಗಿದ್ದರೆ, ಒಳಗೆ ರಾಡು ಪ್ಲೇಟು ಇದ್ದರೆ, ತಲೆಯಲ್ಲಿ ತುಂಬಿದ ನೀರು ಇಳಿಸಲು ಶಂಟ್ ಅನ್ನೋ ಕೊಳವೆ ಹಾಕಿದ್ದರೆ, ಕಿಡ್ನಿಯಲ್ಲಿ ಕಲ್ಲಿದ್ದರೆ ಸಂಬಂಧಪಟ್ಟ ಡಾಕ್ಟರ್ ಬರೆದುಕೊಡದೆ ಮುಟ್ಟುವುದಿಲ್ಲ. ಜ್ವರ ಇದ್ದರೆ ಮನೆಗೆ. ಊಟ ಆದ ತಕ್ಷಣ ಬೇಡ, ಈ ಮಕ್ಕಳಿಗೆ ತಿಂದದ್ದು ಮೇಲೆ ಬರುವುದು ಬೇಗ.

ಇಷ್ಟು ದಾಟಿದವರನ್ನು ಹತ್ತಿಸುತ್ತೇನೆ. ನನ್ನದು ತಕ್ಕಡಿಯ ಹಾಗೆ ಎಡ ಬಲ ಏರಿಳಿಯುವ ಪ್ಲೇಟು. ಇದರಲ್ಲಿ ಪಾದ ನಡುಗೆರೆಗೆ ಹತ್ತಿರ ಇಟ್ಟಷ್ಟೂ ಅಲುಗಾಟ ಕಡಿಮೆ, ಅಗಲಿಸಿದಷ್ಟೂ ಜಾಸ್ತಿ. ಸುರುವಿಗೆ ಪಾದ ಹತ್ತಿರ, 12 ಹರ್ಟ್ಜ್ ಸುತ್ತಮುತ್ತ, ಒಂದು ನಿಮಿಷ. ಇಳಿಸಿ ಕೂರಿಸಿ ಮುಖ ನೋಡುತ್ತೇನೆ. ಹೊಂದಿಕೊಂಡರೆ ವಾರಗಳ ಮೇಲೆ ನಿಧಾನಕ್ಕೆ ಏರಿಸಿ, ಮೂರು ನಿಮಿಷ ನಿಲ್ಲಿಸಿ ಮೂರು ನಿಮಿಷ ಬಿಡುವು, ಹೀಗೆ ಮೂರು ಸಲಕ್ಕೆ ತರುತ್ತೇನೆ. 18 ಹರ್ಟ್ಜ್ ದಾಟಿಸುವ ಅವಸರ ನನಗಿಲ್ಲ. ತಾವೇ ನಿಲ್ಲಲಾರದ ಮಕ್ಕಳಿಗೆ ಓರೆ ಮಾಡುವ ಟೇಬಲ್ ಇರುವ ಮಷಿನ್ ಬೇಕು. ಇಬ್ಬರು ಕಂಕುಳಿಗೆ ಕೈ ಕೊಟ್ಟು ನೇತುಹಾಕಿ ನಿಲ್ಲಿಸುವುದನ್ನು ನೋಡಿದ್ದೇನೆ, ಅದು ಬೇಡವೇ ಬೇಡ.

ಮಂಡಿ ಸ್ವಲ್ಪ ಬಗ್ಗಿರಬೇಕು. ನೆಟ್ಟಗೆ ಲಾಕ್ ಆದರೆ ನಡುಕ ಸೀದಾ ತಲೆಗೆ ಹೋಗುತ್ತದೆ. ಇದಕ್ಕೆ ನನ್ನದೊಂದು ಪರೀಕ್ಷೆ ಇದೆ: ಮಗುವಿಗೆ "ಆ..." ಅನ್ನಲು ಹೇಳುತ್ತೇನೆ. ದನಿ ನಡುಗಿದರೆ ತಲೆಗೆ ಮುಟ್ಟಿದೆ ಅಂತ ಅರ್ಥ. ಮಂಡಿ ಇನ್ನಷ್ಟು ಬಗ್ಗಿಸಬೇಕು, ಇಲ್ಲವೇ ಪಾದ ಒಳಗೆ ತರಬೇಕು. ಮಕ್ಕಳಿಗೆ ಇದು ಆಟ, ನಡುಗಲಿ ಅಂತಲೇ ಕಿರುಚುತ್ತಾರೆ. ಮಾತು ಬಾರದ ಮಗುವಾದರೆ ನನ್ನ ಒಂದು ಕೈ ಅದರ ತಲೆಯ ಹಿಂದೆ, ಕಣ್ಣು ಮುಖದ ಮೇಲೆ. ಬಣ್ಣ ಇಳಿದರೆ, ಬೆವತರೆ, ಕಾಲ್ಬೆರಳು ಮಡಚಿ ಬಿಗಿಯಾದರೆ, ದಿಟ್ಟಿ ತಪ್ಪಿದರೆ ತಕ್ಷಣ ಬಂದ್. ಕಾಲು ಕೆಂಪಾಗಿ ತುರಿಸುವುದು ಮಾತ್ರ ಮಾಮೂಲಿ, ರಕ್ತ ಓಡಾಟ ಹೆಚ್ಚಾಗಿ ಹಾಗಾಗುತ್ತದೆ, ಬೇಗ ಹೋಗುತ್ತದೆ. ಮೊದಲೇ ಹೇಳದಿದ್ದರೆ ಮನೆಯವರು ಗಾಬರಿ ಆಗುತ್ತಾರೆ. ಬೇಸಿಗೆಯಲ್ಲಿ ಇದೆಲ್ಲ ಬೆಳಗಿನ ಹೊತ್ತೇ ಆಗಬೇಕು. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ, ಹಾಗಾಗಿ ಮಗುವಿನ ಮೇಲಿನ ಕೈ ಯಾವತ್ತೂ ತೆಗೆಯಬಾರದು.

ಇಳಿದ ಮೇಲಿನ ಅರ್ಧ ಗಂಟೆಯೇ ನನಗೆ ಮುಖ್ಯ. ಆಗ ಹಿಮ್ಮಡಿ ನೆಲಕ್ಕೆ ಊರುತ್ತದೆ, ತೊಡೆ ಅಗಲುತ್ತದೆ. ಸ್ಟೂಲಿನಿಂದ ಎಬ್ಬಿಸಿ ಕೂರಿಸುವುದು, ಮೆಟ್ಟಿಲು ಹತ್ತಿಸುವುದು, ಗೋಡೆ ಹಿಡಿದು ಪಕ್ಕಕ್ಕೆ ನಡೆಸುವುದು ಎಲ್ಲ ಆಗಲೇ. ಮಷಿನ್ ಆದ ಕೂಡಲೇ ಬಸ್ಸಿಗೆ ಹೊತ್ತಾಯಿತು ಅಂತ ಎತ್ತಿಕೊಂಡು ಹೋದರೆ ಬಂದದ್ದು ದಂಡ. ಬಿಗಿ ಆವತ್ತೇ ವಾಪಸ್ ಬರುತ್ತದೆ.

ಕೈಯಲ್ಲಿ ಹಿಡಿದು ಒಂದೇ ಸ್ನಾಯುವಿಗೆ ಕೊಡುವ ಸಣ್ಣ ವೈಬ್ರೇಟರ್ ಲೆಕ್ಕವೇ ಬೇರೆ. ಅದು 80ರಿಂದ 100 ಹರ್ಟ್ಜ್, ಆದರೆ ಅಲುಗಾಟ ತೀರಾ ಸಣ್ಣದು. ಇಲ್ಲಿ ಜಾಗ ತಪ್ಪಬಾರದು. ಸ್ನಾಯುವಿಗೆ ನಡುಕ ಕೊಟ್ಟರೆ ಅದು ತಾನಾಗಿಯೇ ಬಿಗಿಯುತ್ತದೆ ಅಂತ 1966ರಲ್ಲೇ ಎಕ್ಲುಂಡ್, ಹಾಗ್ಬಾರ್ತ್ ಅನ್ನೋ ಸಂಶೋಧಕರು ತೋರಿಸಿದ್ದಾರೆ. ಹಾಗಾಗಿ ಮೀನಖಂಡ ಸೆಟೆದು ತುದಿಗಾಲಲ್ಲಿ ನಡೆಯುವ ಮಗುವಿಗೆ ನಾನು ಮೀನಖಂಡ ಬಿಟ್ಟು, ಪಾದ ಮೇಲೆತ್ತುವ, ಮೊಣಕಾಲ ಕೆಳಗೆ ಮುಂಭಾಗದ ಸ್ನಾಯುವಿಗೆ ಹಿಡಿಯುತ್ತೇನೆ. ಅದು ಎದ್ದರೆ ಹಿಂದಿನದು ಸಡಿಲ ಬಿಡುತ್ತದೆ. ಜಿಮ್ ಹುಡುಗರ ಮಸಾಜ್ ಗನ್ ಇದಕ್ಕೆ ಬದಲಿ ಅಲ್ಲ. ಅದು ಕುಟ್ಟುತ್ತದೆ, ಮಕ್ಕಳ ಮೂಳೆ ಹತ್ತಿರ ತರಲೇಬೇಡಿ.

ಲಾಭದ ಬಗ್ಗೆ ಅಧ್ಯಯನಗಳು ಇವೆ. 2004ರಲ್ಲಿ ಬಂದ ಒಂದರಲ್ಲಿ, ಅಂಗವಿಕಲ ಮಕ್ಕಳನ್ನು ಆರು ತಿಂಗಳು, ದಿನಕ್ಕೆ 10 ನಿಮಿಷ, ಬರೀ 0.3 ಜಿ ನಡುಕದ ಮೇಲೆ ನಿಲ್ಲಿಸಿದಾಗ ಮೊಣಕಾಲ ಕೆಳಗಿನ ಮೂಳೆ ಗಟ್ಟಿಯಾಗಿತ್ತು. ಆದರೆ ಇಂಥ ಅಧ್ಯಯನಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆ, ಫಲಿತಾಂಶ ಎಲ್ಲ ಕಡೆ ಒಂದೇ ಥರ ಇಲ್ಲ. ಅದಕ್ಕೆ ನಾನು ಶುರುವಿನಲ್ಲೇ ಮಗು ಎದ್ದು ಕೂರುವುದನ್ನು, ನಡೆಯುವುದನ್ನು ತಾಯಿಯ ಮೊಬೈಲಿನಲ್ಲೇ ವಿಡಿಯೊ ಮಾಡಿಸುತ್ತೇನೆ. ಕೆಲವು ತಿಂಗಳಾದ ಮೇಲೆ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ವ್ಯತ್ಯಾಸ ಕಾಣದಿದ್ದರೆ ಮಷಿನ್ ಬಿಟ್ಟು ಬರೀ ವ್ಯಾಯಾಮ, ಮತ್ತೆ ಮಗುವನ್ನು ಆಧಾರ ಕೊಟ್ಟು ನಿಲ್ಲಿಸುವ ಚೌಕಟ್ಟು, ಅಂದರೆ ಸ್ಟ್ಯಾಂಡಿಂಗ್ ಫ್ರೇಮ್.

ಆನ್‌ಲೈನಲ್ಲಿ ಸಿಗುವ ಹೊಟ್ಟೆ ಕರಗಿಸುವ ಪ್ಲೇಟು ತಂದುಕೊಂಡರೆ ಆಗಲ್ವಾ ಅಂತ ಕೇಳುವವರು ಇದ್ದೇ ಇದ್ದಾರೆ. ಅದರಲ್ಲಿ ಬರೀ ಸ್ಪೀಡ್ 1, ಸ್ಪೀಡ್ 50 ಅಂತಿರುತ್ತದೆ. ಎಷ್ಟು ಹರ್ಟ್ಜ್, ಎಷ್ಟು ಮಿಲಿಮೀಟರ್ ಅಂತ ಬರೆದಿಲ್ಲದ ಪ್ಲೇಟಿನ ಮೇಲೆ ಮಗುವನ್ನು ನಿಲ್ಲಿಸಬೇಡಿ. ಆ ದುಡ್ಡಿದ್ದರೆ ಊರ ಬಡಿಗೇರರ ಹತ್ತಿರ ಮಗುವಿನ ಅಳತೆಗೆ ಕಟ್ಟಿಗೆಯ ಸ್ಟ್ಯಾಂಡಿಂಗ್ ಫ್ರೇಮ್ ಮಾಡಿಸಿ. ಅಳತೆ ನಾನು ಬರೆದುಕೊಡುತ್ತೇನೆ.